ಅಳಿಸಿದರೂ ಮತ್ತೆ ಬರುವ ಇಂಜಿನ್ ಲೈಟ್: ವಯಸ್ಸಾದ ಬಿಎಸ್6 ಲಾರಿ ಇಟ್ಟುಕೊಂಡವರಿಗೆ

ಮೀಟರ್ ಬೋರ್ಡಿನಲ್ಲಿ ಹಳದಿ ಲೈಟ್ ಬರುತ್ತದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ಎರರ್ ಅಳಿಸಿ ಕಳಿಸುತ್ತಾರೆ. ಒಂದೆರಡು ಟ್ರಿಪ್ ಗಾಡಿ ಚೆನ್ನಾಗಿ ಓಡುತ್ತದೆ. ಆಮೇಲೆ ಅದೇ ಲೈಟ್, ಅದೇ ಎರರ್. ಈ ಸಲ ಒಂದು ಸೆನ್ಸರ್ ಬದಲಾಗುತ್ತದೆ. ಮತ್ತೆ ಬಂದರೆ ಇನ್ನೊಂದು. ಕೊನೆಗೆ ಲೋಡ್ ಹೊತ್ತು ಶಿರಾಡಿ ಘಾಟಿ ಹತ್ತುವಾಗ ಪಿಕಪ್ ಬಿದ್ದುಹೋಗುತ್ತದೆ, ಹಿಂದೆ ಉದ್ದಕ್ಕೂ ಹಾರ್ನ್ ಶುರುವಾಗುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ಮಾಲಿನ್ಯದ ಹೊಸ ನಿಯಮಕ್ಕೆ ತಕ್ಕ) ಲಾರಿಗಳಲ್ಲಿ ಮೊದಮೊದಲಿನವು ಈಗ ಐದು ವರ್ಷ ದಾಟಿವೆ. ಬಹಳಷ್ಟು ಗಾಡಿಗಳ ಕಂಪನಿ ವಾರಂಟಿ ಮುಗಿದಿದೆ, ಖರ್ಚು ಓನರ್ ತಲೆ ಮೇಲೆ ಬಿದ್ದಿದೆ.

ನಾನು ಹೇಳಬೇಕಾಗಿರುವುದು ಇಷ್ಟೇ. ಎರರ್ ಕೋಡ್ ತೋರಿಸುವುದು ತೊಂದರೆ ಎಲ್ಲಿ ಕಾಣಿಸಿತು ಎಂಬುದನ್ನು. ಅದು ಎಲ್ಲಿ ಶುರುವಾಯಿತು ಎಂದು ನಾವೇ ಹುಡುಕಬೇಕು. ಸೈಲೆನ್ಸರ್ ತುದಿಯ ಸೆನ್ಸರ್ ದೂರು ಕೊಟ್ಟರೆ ತಪ್ಪು ಯೂರಿಯಾ ಟ್ಯಾಂಕಿನಲ್ಲಿರಬಹುದು, ಏರ್ ಹೋಸ್‌ನಲ್ಲಿರಬಹುದು, ನಾಜಲ್‌ನಲ್ಲಿರಬಹುದು. ದುಡ್ಡು ಕೇಳದ ಪರೀಕ್ಷೆಗಳನ್ನೆಲ್ಲ ಮೊದಲು ಮುಗಿಸಿ. ದುಬಾರಿ ಪಾರ್ಟಿನ ಮಾತು ಆಮೇಲೆ.

ನಿಮ್ಮ ಗಾಡಿಯಲ್ಲಿ ಏನೇನಿದೆ?

ಬಿಎಸ್6 ಲಾರಿಯಲ್ಲಿ ಹೊಗೆ ನಾಲ್ಕು ಹಂತ ದಾಟಿ ಹೊರಗೆ ಬರುತ್ತದೆ. ಮೊದಲನೆಯದು ಇಜಿಆರ್. ಇದು ಸ್ವಲ್ಪ ಹೊಗೆಯನ್ನು ತಣ್ಣಗೆ ಮಾಡಿ ಮತ್ತೆ ಇಂಜಿನ್ನಿಗೇ ಕಳಿಸುತ್ತದೆ (ಕೆಲವು ಮಾಡೆಲ್‌ಗಳಲ್ಲಿ ಇದು ಇರುವುದಿಲ್ಲ). ಎರಡನೆಯದು ಡಿಒಸಿ, ಅರ್ಧ ಉರಿದ ಇಂಧನವನ್ನು ಪೂರ್ತಿ ಸುಡುತ್ತದೆ. ಮೂರನೆಯದು ಡಿಪಿಎಫ್, ಮಸಿಯನ್ನು ಹಿಡಿದಿಟ್ಟುಕೊಳ್ಳುವ ಜಾಲರಿ. ಕೊನೆಗೆ ಎಸ್‌ಸಿಆರ್. ಇಲ್ಲಿ ಡಿಇಎಫ್, ಅಂದರೆ ನಮ್ಮ ಡ್ರೈವರ್‌ಗಳ ಯೂರಿಯಾ, ಬಿಸಿ ಹೊಗೆಗೆ ಚಿಮ್ಮಿ ಅಮೋನಿಯಾ ಆಗುತ್ತದೆ. ಆ ಅಮೋನಿಯಾ ನೈಟ್ರೋಜನ್ ಆಕ್ಸೈಡನ್ನು (ಇದೇ ನಾಕ್ಸ್) ಬರೀ ನೈಟ್ರೋಜನ್ ಮತ್ತು ನೀರಾಗಿ ಬದಲಿಸುತ್ತದೆ. ಎಸ್‌ಸಿಆರ್‌ಗೆ ಮುಂಚೆ ಒಂದು, ಆಮೇಲೆ ಒಂದು ನಾಕ್ಸ್ ಸೆನ್ಸರ್ ಕೂತು ಲೆಕ್ಕ ನೋಡುತ್ತಿರುತ್ತವೆ.

2017ರ ಏಪ್ರಿಲ್‌ನಿಂದ 2020ರವರೆಗಿನ ಬಿಎಸ್4 ಗಾಡಿಯಾದರೆ ಲೆಕ್ಕ ಬೇರೆ. ಕೆಲವು ಕಂಪನಿಗಳು ಎಸ್‌ಸಿಆರ್ ಹಾಕಿದವು. ಅಶೋಕ್ ಲೇಲ್ಯಾಂಡ್ ತನ್ನ ದೊಡ್ಡ ಲಾರಿಗಳಿಗೆ ಯೂರಿಯಾ ಬೇಡದ ಐಇಜಿಆರ್ ದಾರಿ ಹಿಡಿಯಿತು. ನಿಮ್ಮದರಲ್ಲಿ ಡಿಪಿಎಫ್ ಇಲ್ಲದಿದ್ದರೆ ಆ ಭಾಗ ಬಿಟ್ಟು ಓದಿ.

ಅಳಿಸುವ ಮುಂಚೆ ಬರೆದಿಟ್ಟುಕೊಳ್ಳಿ

ಸ್ಕ್ಯಾನರ್ ಹಾಕಿದ ಕೂಡಲೇ ಮೇಸ್ತ್ರಿ ಕೈ ಕ್ಲಿಯರ್ ಬಟನ್ ಮೇಲೆ ಹೋಗುತ್ತದೆ. ತಡೆಯಿರಿ. ಮೊದಲು ಸ್ಕ್ರೀನಿನ ಫೋಟೊ ತೆಗೆದುಕೊಳ್ಳಿ. ಯಾವ ಕೋಡ್ ಈಗ ಆಕ್ಟಿವ್ ಇದೆ, ಯಾವುದು ಹಳೆಯದು, ಎಷ್ಟು ಸಲ ಬಂದಿದೆ ಎಂಬುದೆಲ್ಲ ಅಲ್ಲಿರುತ್ತದೆ. ಫ್ರೀಜ್ ಫ್ರೇಮ್ ಎಂಬ ಪುಟವನ್ನೂ ತೆಗೆಸಿ ನೋಡಿ. ಎರರ್ ಬಂದ ಕ್ಷಣದಲ್ಲಿ ಇಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ಲೋಡ್ ಎಳೆಯುತ್ತಿತ್ತು, ಎಷ್ಟು ವೇಗದಲ್ಲಿತ್ತು ಎಂದು ಅದು ಹೇಳುತ್ತದೆ. ಅಳಿಸಿದರೆ ಈ ಮಾಹಿತಿಯೂ ಅಳಿಸಿಹೋಗುತ್ತದೆ.

ಕಾರಿಗೆ ಹಾಕುವ ಅಗ್ಗದ ಸ್ಕ್ಯಾನರ್ ಲಾರಿಯ ಅರ್ಧ ಕೋಡ್‌ಗಳನ್ನೂ ಓದುವುದಿಲ್ಲ. ಲಾರಿಗೆಂದೇ ಇರುವ ಸ್ಕ್ಯಾನರ್ ಉಳ್ಳವರ ಹತ್ತಿರವೇ ಹೋಗಿ.

ಲಾರಿ ಕೋಡಿನಲ್ಲಿ ಎರಡು ಭಾಗ ಇರುತ್ತವೆ. ಎಸ್‌ಪಿಎನ್ ಯಾವ ಜಾಗ ಎಂದು ಹೇಳುತ್ತದೆ, ಎಫ್‌ಎಂಐ ಯಾವ ಥರದ ತೊಂದರೆ ಎಂದು ಹೇಳುತ್ತದೆ. ಎಸ್‌ಪಿಎನ್ 4364 ಎಂದರೆ ಎಸ್‌ಸಿಆರ್ ಕೆಲಸ ಸಾಲುತ್ತಿಲ್ಲ. ಕೆಲವು ಸ್ಕ್ಯಾನರ್ ಇದನ್ನೇ ಪಿ20ಇಇ ಎಂದು ತೋರಿಸುತ್ತವೆ. 3364 ಎಂದರೆ ಯೂರಿಯಾ ಗುಣಮಟ್ಟ. 3251 ಎಂದರೆ ಡಿಪಿಎಫ್‌ನ ಎರಡು ಬದಿಯ ಒತ್ತಡದ ವ್ಯತ್ಯಾಸ. 3216 ಮುಂದಿನ ನಾಕ್ಸ್ ಸೆನ್ಸರ್, 3226 ಹಿಂದಿನದು. ಎಲ್ಲರೂ ಎಸ್‌ಪಿಎನ್ ನೋಡಿ ಪಾರ್ಟ್ ತರಲು ಓಡುತ್ತಾರೆ. ನನ್ನ ಪ್ರಕಾರ ಹೆಚ್ಚು ಕೆಲಸಕ್ಕೆ ಬರುವುದು ಎಫ್‌ಎಂಐ. ಅದು 3, 4 ಅಥವಾ 5 ಇದ್ದರೆ ವೋಲ್ಟೇಜು, ಕರೆಂಟಿನ ತೊಂದರೆ, ಮೊದಲು ವೈರ್ ನೋಡಿ. 9 ಅಥವಾ 19 ಇದ್ದರೆ ಕಂಪ್ಯೂಟರುಗಳ ನಡುವೆ ಮಾತು ಕಡಿದುಹೋಗಿದೆ ಎಂದರ್ಥ. 16, 18ರಂಥವು ಬಂದರೆ ಸೆನ್ಸರ್ ಬದುಕಿದೆ, ಅದು ತೋರಿಸುವ ಅಂಕಿ ಹೆಚ್ಚೋ ಕಡಿಮೆಯೋ ಇದೆ. ಅಂದರೆ ಸೆನ್ಸರ್ ನಿಜವನ್ನೇ ಹೇಳುತ್ತಿರಬಹುದು! ಅದನ್ನು ಬದಲಾಯಿಸಿದರೆ ಹೊಸ ಸೆನ್ಸರ್ ಕೂಡ ಅದೇ ಮಾತು ಹೇಳುತ್ತದೆ.

ಗಾಡಿಯಲ್ಲೇ ಒಂದು ನೋಟ್‌ಬುಕ್ ಇಡಿ. ತಾರೀಖು, ಕಿಲೋಮೀಟರ್, ಖಾಲಿಯೋ ಲೋಡೋ, ಯಾವ ಊರಿನ ಹತ್ತಿರ ಬಂತು, ಮಳೆ ಇತ್ತಾ, ಯಾವಾಗ ಯೂರಿಯಾ ತುಂಬಿಸಿದ್ದು, ಆಮೇಲೆ ಏನು ರಿಪೇರಿ ಆಯಿತು. ಡ್ರೈವರ್ ಬರೆಯದಿದ್ದರೆ ವಾಯ್ಸ್ ಮೆಸೇಜ್ ಹಾಕಲಿ, ನೀವು ಬರೆದುಕೊಳ್ಳಿ. ಮೂರ್ನಾಲ್ಕು ಸಲ ಬರೆದ ಮೇಲೆ ಒಂದು ವರಸೆ ತಾನಾಗಿ ಕಾಣತೊಡಗುತ್ತದೆ. ಮಳೆ ಬಂದ ಮರುದಿನವೇ ಬರುತ್ತಿದ್ದರೆ ಕಪ್ಲರ್‌ಗೆ (ವೈರ್ ಜೋಡಿಸುವ ಪ್ಲಗ್) ನೀರು ಹೋಗುತ್ತಿದೆ. ಯೂರಿಯಾ ತುಂಬಿಸಿದ ಮೇಲೆ ಬಂದರೆ ಆ ಬಕೆಟ್ ಮೇಲೆ ಅನುಮಾನ ಪಡಿ. ಕ್ರಷರ್ ಬಾಡಿಗೆ ಮಾಡುವಾಗ ಮಾತ್ರ ಬಂದರೆ ಡಿಪಿಎಫ್ ಕಡೆ ತಿರುಗಿ.

ಯೂರಿಯಾ: ಅರ್ಧ ತಲೆನೋವು ಇಲ್ಲೇ

ಸರಿಯಾದ ಡಿಇಎಫ್‌ನಲ್ಲಿ ಶೇ. 32.5 ಯೂರಿಯಾ, ಉಳಿದದ್ದು ಖನಿಜ ತೆಗೆದ ಶುದ್ಧ ನೀರು. ಐಎಸ್‌ಒ 22241 ಎಂದು ಬಕೆಟ್ ಮೇಲೆ ಬರೆದಿರಬೇಕು. ತಯಾರಾದ ತಾರೀಖನ್ನೂ ನೋಡಿ. 25 ಡಿಗ್ರಿಯಲ್ಲಿ ಇಟ್ಟರೆ ಒಂದೂವರೆ ವರ್ಷ ಕೆಡದ ಮಾಲು 35 ಡಿಗ್ರಿಯಲ್ಲಿ ಆರು ತಿಂಗಳಿಗೇ ಕೆಡುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗೆ ಇಟ್ಟ ಬಕೆಟ್ ಗತಿ ಏನಾಗಿರುತ್ತದೆ ಎಂದು ನೀವೇ ಊಹಿಸಿ. ಜಾಸ್ತಿ ಮಾರಾಟವಾಗುವ ಬಂಕಿನಲ್ಲಿ ಕೊಳ್ಳುವುದು ಇದೇ ಕಾರಣಕ್ಕೆ ಒಳ್ಳೆಯದು.

ಕೈಯಲ್ಲಿ ಹಿಡಿಯುವ ಡಿಇಎಫ್ ರಿಫ್ರಾಕ್ಟೋಮೀಟರ್ ಒಂದು ಇಟ್ಟುಕೊಳ್ಳಿ. ಗಾಜಿನ ಮೇಲೆ ಒಂದು ಹನಿ ಹಾಕಿ ಬೆಳಕಿಗೆ ಹಿಡಿದರೆ ಪ್ರಮಾಣ ಕಾಣುತ್ತದೆ. 31.8ರಿಂದ 33.2ರ ಒಳಗಿರಬೇಕು. ಹನಿಯನ್ನು ಟ್ಯಾಂಕಿನಿಂದಲೇ ತೆಗೆಯಿರಿ, ಬಕೆಟಿನಿಂದ ತೆಗೆದರೆ ಅರ್ಧ ಸತ್ಯ ಮಾತ್ರ ಗೊತ್ತಾಗುತ್ತದೆ. ಈ ಯಂತ್ರ ಪ್ರಮಾಣವನ್ನಷ್ಟೇ ಹೇಳುತ್ತದೆ, ಕಲಬೆರಕೆ ಹಿಡಿಯುವುದಿಲ್ಲ. ಟ್ಯಾಂಕಿನ ಯೂರಿಯಾವನ್ನು ಗಾಜಿನ ಲೋಟಕ್ಕೆ ತೆಗೆದು ನೋಡಿ. ಮೇಲೆ ಕಾಮನಬಿಲ್ಲಿನ ಬಣ್ಣ ತೇಲಿದರೆ ಡೀಸೆಲ್ ಸೇರಿದೆ. ತಳದಲ್ಲಿ ಮಣ್ಣು ಕಂಡರೆ ಮುಚ್ಚಳ ತೆಗೆಯುವಾಗ ಸುತ್ತಲಿನ ಧೂಳು ಒರೆಸಿಲ್ಲ ಎಂದರ್ಥ.

ಡೀಸೆಲ್ ಹಾಕುವ ಆಲಿಕೆಯಲ್ಲೇ ಯೂರಿಯಾ ಸುರಿಯುವುದು, ಖಾಲಿಯಾದ ಡಬ್ಬಿಗೆ ನೀರು ತುಂಬಿಟ್ಟು ಆಮೇಲೆ ಅದರಲ್ಲೇ ಯೂರಿಯಾ ತರುವುದು, ಕಡಿಮೆ ಬಿದ್ದಾಗ ಬೋರ್‌ವೆಲ್ ನೀರು ಬೆರೆಸುವುದು ಎಲ್ಲ ಕಡೆ ನಡೆಯುತ್ತದೆ. ನಮ್ಮ ಬೋರ್ ನೀರು ಪಾತ್ರೆಗೇ ಬಿಳಿ ಪದರ ಕಟ್ಟುವಷ್ಟು ಗಡಸು. ಅದೇ ಪದರ ನಾಜಲ್ ಮತ್ತು ಎಸ್‌ಸಿಆರ್ ಒಳಗಿನ ಕ್ಯಾಟಲಿಸ್ಟ್ ಮೇಲೆ ಕೂತರೆ ಮತ್ತೆ ಬಿಡುವುದಿಲ್ಲ. ತಾಮ್ರ, ಹಿತ್ತಾಳೆ, ಸಾದಾ ಕಬ್ಬಿಣದ ಪಾತ್ರೆಯನ್ನೂ ಬಳಸಬೇಡಿ. ಯೂರಿಯಾ ಅವನ್ನು ತಿಂದು ತನ್ನೊಳಗೆ ಸೇರಿಸಿಕೊಳ್ಳುತ್ತದೆ.

ಹೊಲಕ್ಕೆ ಹಾಕುವ ಯೂರಿಯಾ ಕರಗಿಸಿ ಹಾಕಿದರೆ ಆಗಲ್ವಾ ಎಂದು ಕೇಳುವವರು ಇದ್ದೇ ಇರುತ್ತಾರೆ. ಆಗುವುದಿಲ್ಲ. 2015ರಿಂದ ನಮ್ಮ ದೇಶದಲ್ಲಿ ರೈತರಿಗೆ ಸಿಗುವ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆಯ ಲೇಪ ಕಡ್ಡಾಯ. ಎಣ್ಣೆಯ ಜೊತೆಗೆ ಅದರಲ್ಲಿರುವ ಬೇರೆ ಕಲ್ಮಶಗಳೂ ಕ್ಯಾಟಲಿಸ್ಟನ್ನು ಹಾಳು ಮಾಡುತ್ತವೆ. ಅಲ್ಲದೆ ಅದು ಸಬ್ಸಿಡಿ ಗೊಬ್ಬರ, ಬೇರೆ ಕೆಲಸಕ್ಕೆ ಬಳಸುವುದು ಅಪರಾಧ.

ಖರ್ಚಿನ ಲೆಕ್ಕವೂ ಒಂದು ಪರೀಕ್ಷೆಯೇ. ಬಿಎಸ್6 ಲಾರಿ ನೂರು ಲೀಟರ್ ಡೀಸೆಲ್‌ಗೆ ಸಾಮಾನ್ಯವಾಗಿ ಮೂರರಿಂದ ಆರು ಲೀಟರ್ ಯೂರಿಯಾ ಕುಡಿಯುತ್ತದೆ. ನಿಮ್ಮ ಗಾಡಿಯ ಮಾಮೂಲಿ ಲೆಕ್ಕ ಗೊತ್ತಿದ್ದರೆ, ಅದು ದಿಢೀರ್ ಅರ್ಧಕ್ಕಿಳಿದಾಗ ಯೂರಿಯಾ ಚಿಮ್ಮುತ್ತಿಲ್ಲ ಎಂದು ಲೈಟ್ ಬರುವ ಮುಂಚೆಯೇ ಗೊತ್ತಾಗುತ್ತದೆ. ಉಳಿತಾಯ ಆಯಿತೆಂದು ಖುಷಿಪಡಬೇಡಿ.

ಕಟ್-ಆಫ್ ಸ್ವಿಚ್ ಆತುರ

ಇದನ್ನು ಬೇರೆಯಾಗಿಯೇ ಹೇಳಬೇಕು. ಇಂಜಿನ್ ಆಫ್ ಮಾಡಿದ ಮೇಲೂ ಯೂರಿಯಾ ಪಂಪ್ ಸ್ವಲ್ಪ ಹೊತ್ತು ಓಡುತ್ತಿರುತ್ತದೆ. ಪೈಪಿನಲ್ಲಿ ಉಳಿದ ಯೂರಿಯಾವನ್ನು ಅದು ವಾಪಸ್ ಟ್ಯಾಂಕಿಗೆ ಎಳೆದುಕೊಳ್ಳುತ್ತದೆ. ಡ್ರೈವರ್ ಕೀ ತೆಗೆದ ತಕ್ಷಣ ಬ್ಯಾಟರಿ ಕಟ್-ಆಫ್ ಒತ್ತಿದರೆ ಈ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಪೈಪು, ಪಂಪು, ನಾಜಲ್‌ನಲ್ಲಿ ಉಳಿದದ್ದು ಒಣಗಿ ಉಪ್ಪಿನಂತೆ ಗಟ್ಟಿಯಾಗುತ್ತದೆ. ದಿನಾ ಹೀಗಾದರೆ ಹೊಸ ಪಂಪ್ ಹಾಕಿದರೂ ಅದೇ ಕಥೆ. ಕೀ ತೆಗೆದ ಮೇಲೆ ಮೂರ್ನಾಲ್ಕು ನಿಮಿಷ ಬಿಟ್ಟು ಕಟ್-ಆಫ್ ಒತ್ತಲಿ. ಟಾರ್ಪಾಲು, ಟೈರು ನೋಡಿ ಬರುವಷ್ಟರಲ್ಲಿ ಆ ಹೊತ್ತು ಆಗಿಹೋಗುತ್ತದೆ. ಸರಿಯಾದ ಸಮಯ ನಿಮ್ಮ ಗಾಡಿಯ ಮ್ಯಾನ್ಯುವಲ್‌ನಲ್ಲಿದೆ.

ಯೂರಿಯಾ ನಾಜಲ್ ಸುತ್ತ ಬಿಳಿ ಪುಡಿ ಕಂಡರೆ ಗ್ಯಾಸ್ಕೆಟ್ ಅಥವಾ ಪೈಪ್ ಜಾಯಿಂಟ್ ಸೋರುತ್ತಿದೆ. ಹೊಸದಾಗಿ ಕಟ್ಟಿದ ಪುಡಿ ಬೆಚ್ಚನೆಯ ನೀರಿಗೆ ಕರಗುತ್ತದೆ. ಕಂಬಿ, ಸೂಜಿ ಹಾಕಿ ಕೆರೆಯಬೇಡಿ, ನಾಜಲ್ ತೂತು ಹಾಳಾಗುತ್ತದೆ. ಬಿಸಿ ಹೊಗೆಯಲ್ಲಿ ಬೆಂದು ಕಲ್ಲಾದದ್ದು ಮಾತ್ರ ನೀರಿಗೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಅದು ಪೈಪಿನೊಳಗೆ ಗುಡ್ಡೆಯಾಗಿದ್ದರೆ ಬಿಚ್ಚಿ ತೆಗೆಸಬೇಕು, ಇಲ್ಲವೇ ಸ್ಕ್ಯಾನರ್‌ನಿಂದ ಬಿಸಿ ಏರಿಸಿ ಸುಡಿಸಬೇಕು.

ಸ್ಕ್ಯಾನರ್‌ನಲ್ಲಿ ಡೋಸಿಂಗ್ ಟೆಸ್ಟ್ ಎಂದು ಇರುತ್ತದೆ. ನಾಜಲ್ ಬಿಚ್ಚಿ ಅಳತೆ ಜಾರಿನೊಳಗೆ ಹಿಡಿದು ಟೆಸ್ಟ್ ಓಡಿಸಿದರೆ, ಇಷ್ಟು ಹೊತ್ತಿಗೆ ಇಷ್ಟು ಮಿಲಿಲೀಟರ್ ಬರಬೇಕು ಎಂದು ಮ್ಯಾನ್ಯುವಲ್‌ನಲ್ಲಿರುವ ಲೆಕ್ಕಕ್ಕೆ ಹೋಲಿಸಬಹುದು. ಸಣ್ಣ ಮಂಜಿನಂತೆ ಚಿಮ್ಮಬೇಕು, ನಲ್ಲಿಯಂತೆ ಸುರಿಯಬಾರದು. ಈ ಟೆಸ್ಟ್ ಮಾಡದೆ ಪಂಪ್ ಬದಲಾಯಿಸಿ ಎನ್ನುವವರ ಮಾತನ್ನು ನಂಬಬೇಡಿ.

ವೈರ್, ಅರ್ತ್, ಬ್ಯಾಟರಿ

ಗಾಡಿ ಹಳೆಯದಾದಂತೆ ಸೆನ್ಸರಿಗಿಂತ ಮೊದಲು ಸೋಲುವುದು ಅದಕ್ಕೆ ಹೋಗುವ ವೈರ್. ಸೈಲೆನ್ಸರ್ ಪಕ್ಕದಲ್ಲಿ ಚಾಸಿ ಉದ್ದಕ್ಕೂ ಹೋಗಿರುವ ವೈರಿಂಗ್ ಬಿಸಿ, ಕೆಸರು, ಜಲ್ಲಿ ಏಟು ಎಲ್ಲವನ್ನೂ ತಿಂದಿರುತ್ತದೆ. ಕಪ್ಲರ್ ಬಿಚ್ಚಿ ಪಿನ್ ನೋಡಿ. ಹಸಿರು ಕಿಲುಬು, ನೀರಿನ ಗುರುತು, ಸಡಿಲವಾದ ಪಿನ್ ಕಂಡರೆ ಅರ್ಧ ಉತ್ತರ ಸಿಕ್ಕಿದಂತೆ. ವಾಟರ್ ಸರ್ವಿಸ್‌ನಲ್ಲಿ ಪ್ರೆಶರ್ ಗನ್ನನ್ನು ನೇರವಾಗಿ ಕಪ್ಲರ್ ಮೇಲೆ ಹಿಡಿಯದಂತೆ ಹೇಳಿ. ಇಲಿ ಕಡಿದದ್ದನ್ನೂ ನೋಡಿ. ಸುಮ್ನೆ ನಿಂತ ಗಾಡಿಗೆ ಇಲಿ ಬೇಗ ಹತ್ತುತ್ತದೆ.

ಇಂಜಿನ್ ಓಡುವಾಗ ಸ್ಕ್ಯಾನರ್‌ನಲ್ಲಿ ಸೆನ್ಸರ್ ಅಂಕಿ ತೆರೆದಿಟ್ಟು ಒಬ್ಬರು ವೈರಿಂಗ್ ಅಲ್ಲಾಡಿಸಿ. ಅಂಕಿ ಕುಣಿದ ಜಾಗದಲ್ಲಿ ತೊಂದರೆ ಇದೆ. ಕೈ ಸುಟ್ಟುಕೊಳ್ಳಬೇಡಿ.

ಸ್ಟಾರ್ಟ್ ಹೊಡೆಯುವಾಗ ಇಂಜಿನ್ ಬಾಡಿಗೂ ಬ್ಯಾಟರಿ ಮೈನಸ್‌ಗೂ ನಡುವೆ ಮೀಟರ್ ಇಟ್ಟು ನೋಡಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ತ್ ಕೇಬಲ್ ಬಿಚ್ಚಿ ಉಜ್ಜಿ ಬಿಗಿ ಮಾಡಿ. ಸೋತ ಬ್ಯಾಟರಿಯೂ ಎಮಿಷನ್ ಎರರ್ ತರುತ್ತದೆ. ಸ್ಟಾರ್ಟರ್ ಎಳೆಯುವಾಗ ವೋಲ್ಟೇಜ್ ಕುಸಿದು ಸಣ್ಣ ಕಂಪ್ಯೂಟರುಗಳು ಒಂದು ಕ್ಷಣ ಮೂರ್ಛೆ ಹೋಗುತ್ತವೆ.

ಎಫ್‌ಎಂಐ 9, 19 ರಾಶಿರಾಶಿ ಬಂದರೆ ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡುವ ಕ್ಯಾನ್ ವೈರ್ ನೋಡಬೇಕು. ಬ್ಯಾಟರಿ ಆಫ್ ಮಾಡಿ, ಮ್ಯಾನ್ಯುವಲ್‌ನಲ್ಲಿ ತೋರಿಸಿದ ಎರಡು ಕ್ಯಾನ್ ವೈರಿನ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು. 120 ಬಂದರೆ ಒಂದು ಕಡೆ ಕಡಿದಿದೆ. ಸೊನ್ನೆ ಹತ್ತಿರ ಬಂದರೆ ಶಾರ್ಟ್ ಆಗಿದೆ. ಆಗ ನಾಕ್ಸ್ ಸೆನ್ಸರ್‌ಗಳನ್ನು ಒಂದೊಂದಾಗಿ ಬಿಚ್ಚಿ ಅಳೆಯುತ್ತ ಹೋಗಿ. ಒಳಗೇ ಸುಟ್ಟ ಒಂದು ಸೆನ್ಸರ್ ಇಡೀ ಲೈನ್ ಮಲಗಿಸಿಬಿಡುತ್ತದೆ.

ಟಿಪ್ಪರ್ ಓನರ್‌ಗಳಿಗೆ ಇನ್ನೊಂದು ಮಾತು. ಬಾಡಿ ಕಿತ್ತುಹೋದಾಗ ರಸ್ತೆ ಪಕ್ಕ ನಿಲ್ಲಿಸಿ ವೆಲ್ಡಿಂಗ್ ಮಾಡಿಸುತ್ತೀರಿ ಅಲ್ವಾ? ಬ್ಯಾಟರಿ ಕೇಬಲ್ ಬಿಚ್ಚದೆ, ಇಸಿಎಂ (ಇಂಜಿನ್ ಕಂಪ್ಯೂಟರ್) ಕಪ್ಲರ್ ತೆಗೆಯದೆ ಚಾಸಿ ಮೇಲೆ ವೆಲ್ಡಿಂಗ್ ಹೊಡೆದರೆ ಆ ಕರೆಂಟು ಸೆನ್ಸರ್‌ಗಳ ಮೂಲಕವೇ ದಾರಿ ಹುಡುಕಿಕೊಂಡೀತು. ಎರಡೂ ಬಿಚ್ಚಿಸಿ. ವೆಲ್ಡಿಂಗ್ ಮಷಿನ್ನಿನ ಅರ್ತನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಕಚ್ಚಿಸಿ.

ಗಾಳಿ, ಡೀಸೆಲ್, ಆಯಿಲ್

ಡಿಪಿಎಫ್ ಪದೇಪದೇ ಕಟ್ಟಿಕೊಳ್ಳುತ್ತಿದ್ದರೆ ಡಿಪಿಎಫ್ ಬಿಚ್ಚುವ ಮುಂಚೆ ಇಂಜಿನ್ ಕಡೆ ನೋಡಿ. ಮಸಿ ಜಾಸ್ತಿ ಬರುವುದು ಗಾಳಿ ಕಡಿಮೆಯಾದಾಗ ಅಥವಾ ಡೀಸೆಲ್ ಹೆಚ್ಚಾದಾಗ. ಟರ್ಬೊದಿಂದ ಇಂಟರ್‌ಕೂಲರ್‌ಗೆ, ಅಲ್ಲಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಹೋಸ್‌ಗಳನ್ನು ಕೈಯಿಂದ ತಡವಿ ನೋಡಿ. ಬಿರುಕು ಬಿಟ್ಟ ಕಡೆ ಎಣ್ಣೆ ಜಿಡ್ಡಿಗೆ ಧೂಳು ಅಂಟಿರುತ್ತದೆ. ಏರ್ ಫಿಲ್ಟರನ್ನು ಕಂಪ್ರೆಸರ್ ಗಾಳಿಯಲ್ಲಿ ಊದಿ ಊದಿ ಬಳಸಬೇಡಿ. ಕಣ್ಣಿಗೆ ಕಾಣದ ತೂತು ಬಿದ್ದು ಜಲ್ಲಿ ಧೂಳು ಟರ್ಬೊಗೇ ಹೋಗುತ್ತದೆ. ತೊಟ್ಟಿಕ್ಕುವ ಇಂಜೆಕ್ಟರ್ ಇದ್ದರೆ ಸ್ಕ್ಯಾನರ್‌ನ ಸಿಲಿಂಡರ್ ಬ್ಯಾಲೆನ್ಸ್ ಅಂಕಿಗಳಲ್ಲಿ ಒಂದು ಮಾತ್ರ ಎದ್ದು ಕಾಣುತ್ತದೆ, ವಾಪಸ್ ಬರುವ ಡೀಸೆಲ್ ಅಳೆಯುವ ರಿಟರ್ನ್ ಟೆಸ್ಟ್‌ನಲ್ಲೂ ಸಿಕ್ಕಿಬೀಳಬಹುದು. ಬಯೋಡೀಸೆಲ್ ಹೆಸರಿನಲ್ಲಿ ರಸ್ತೆಬದಿ ಅಗ್ಗಕ್ಕೆ ಸಿಗುವ ಎಣ್ಣೆಯ ಹತ್ತಿರ ಹೋಗಲೇಬೇಡಿ.

ಇಂಜಿನ್ ಆಯಿಲ್ ಕಡಿಮೆ ಬೂದಿಯದ್ದಾಗಿರಬೇಕು. ಬಿಎಸ್6 ಗಾಡಿಗೆ ಸಾಮಾನ್ಯವಾಗಿ ಸಿಕೆ-4 ದರ್ಜೆ ಹೇಳಿರುತ್ತಾರೆ. ಹಳೆ ಗಾಡಿಗೆ ತಂದು ಉಳಿದ ಸಿಐ-4 ಪ್ಲಸ್ ಇದೆ ಎಂದು ಇದಕ್ಕೆ ಹೊಯ್ದರೆ ಅದರ ಬೂದಿ ಡಿಪಿಎಫ್‌ನಲ್ಲಿ ಕಾಯಂ ಆಗಿ ಕೂರುತ್ತದೆ.

ಕೂಲೆಂಟ್ ಹೊರಗೆಲ್ಲೂ ಸೋರದೆ ಕಡಿಮೆಯಾಗುತ್ತಿದ್ದರೆ ಇಜಿಆರ್ ಕೂಲರ್ ಒಡೆದಿರಬಹುದು. ಇದನ್ನು ತಡ ಮಾಡಬೇಡಿ. ಆ ಕೂಲೆಂಟ್ ಹೊಗೆ ಜೊತೆ ಹೋಗಿ ಹಿಂದಿನ ದುಬಾರಿ ಕ್ಯಾಟಲಿಸ್ಟ್‌ಗಳನ್ನೆಲ್ಲ ಹಾಳು ಮಾಡುತ್ತದೆ.

ಡಿಪಿಎಫ್: ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ

ಹೆದ್ದಾರಿಯಲ್ಲಿ ಲೋಡ್ ಎಳೆಯುವಾಗ ಹೊಗೆಯ ಬಿಸಿಗೆ ಮಸಿ ತಾನಾಗಿ ಸ್ವಲ್ಪಸ್ವಲ್ಪ ಸುಡುತ್ತಿರುತ್ತದೆ. ಅದು ಸಾಲದಾದಾಗ ಗಾಡಿಯೇ ಹೆಚ್ಚುವರಿ ಡೀಸೆಲ್ ಬಳಸಿ ಬಿಸಿಯನ್ನು 550–600 ಡಿಗ್ರಿಗೆ ಏರಿಸಿ ಸುಡುತ್ತದೆ. ಇದೇ ರೀಜೆನ್. ಕ್ರಷರ್‌ನಿಂದ ಹತ್ತು ಕಿಲೋಮೀಟರ್ ದೂರದ ಸೈಟಿಗೆ ಎಂ-ಸ್ಯಾಂಡ್ ಹೊಡೆಯುವ ಟಿಪ್ಪರ್‌ಗೆ ಆ ಬಿಸಿ ಯಾವತ್ತೂ ಸಿಗುವುದಿಲ್ಲ. ರೀಜೆನ್ ಶುರುವಾಗುವಷ್ಟರಲ್ಲಿ ಸೈಟ್ ಬಂದು ಇಂಜಿನ್ ಆಫ್. ಮತ್ತೆ ಶುರು, ಮತ್ತೆ ಆಫ್. ಅರ್ಧಕ್ಕೆ ನಿಂತ ರೀಜೆನ್‌ನ ಡೀಸೆಲ್ ಕೆಲವು ಇಂಜಿನ್‌ಗಳಲ್ಲಿ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದ್ದು ಕಂಡರೆ ಇದೇ ಕಾರಣ ಇರಬಹುದು. ಆಯಿಲ್ ಬದಲಿಸಿ.

ಇಂಥ ಬಾಡಿಗೆ ಮಾಡುವ ಗಾಡಿಯನ್ನು ವಾರಕ್ಕೊಮ್ಮೆಯಾದರೂ ಲೋಡ್ ಸಮೇತ ಹೆದ್ದಾರಿಗೆ ಹತ್ತಿಸಿ, ಮುಕ್ಕಾಲು ಗಂಟೆ ಒಂದೇ ವೇಗದಲ್ಲಿ ಓಡಿಸಿ. ಲೋಡಿಂಗ್ ಸಾಲಿನಲ್ಲಿ ಗಂಟೆಗಟ್ಟಲೆ ಇಂಜಿನ್ ಓಡಿಸಿಟ್ಟು ನಿಲ್ಲುವುದನ್ನು ತಪ್ಪಿಸಿ. ರೀಜೆನ್ ತಡೆಯುವ ಸ್ವಿಚ್ ಇದ್ದರೆ ಅದು ಒತ್ತಿದಂತೆಯೇ ಇದೆಯಾ ನೋಡಿ. ಬಿಸಿ ವಾಸನೆಗೆ ಹೆದರಿ ಒತ್ತಿಟ್ಟು ಮರೆಯುವ ಡ್ರೈವರ್‌ಗಳು ಇದ್ದಾರೆ. ಅವರನ್ನು ಬೈಯುವ ಬದಲು ಆ ಲೈಟ್ ಏನು ಹೇಳುತ್ತದೆ ಎಂದು ಕೂರಿಸಿ ಹೇಳಿಕೊಡಿ, ಗಾಡಿ ಕೊಟ್ಟಾಗ ಯಾರೂ ಅವರಿಗೆ ಹೇಳಿರುವುದಿಲ್ಲ.

ನಿಲ್ಲಿಸಿ ಮಾಡುವ ರೀಜೆನ್‌ಗೆ ಜಾಗ ನೋಡಿಕೊಳ್ಳಿ. ಕೆಳಗೆ ಒಣ ಹುಲ್ಲು, ಕಸ ಇರಬಾರದು. ಸುಗ್ಗಿ ಕಾಲದಲ್ಲಿ ನಮ್ಮ ಹಳ್ಳಿ ರಸ್ತೆಗಳ ತುಂಬ ರಾಗಿ, ಹುರುಳಿ ಒಕ್ಕಣೆಗೆ ಹಾಸಿರುತ್ತಾರೆ. ಆ ಹುಲ್ಲು ಗಾಡಿ ಕೆಳಗೆ ಸುತ್ತಿಕೊಂಡಿದ್ದರೆ ಮೊದಲು ಎಳೆದು ತೆಗೆದುಹಾಕಿ. ಸೈಲೆನ್ಸರ್ ಬಿಸಿಗೆ ಅದು ಹೊತ್ತಿಕೊಳ್ಳಲು ಹೆಚ್ಚು ಹೊತ್ತು ಬೇಡ.

ಡಿಪಿಎಫ್ ಒತ್ತಡದ ಕೋಡ್ ಬಂದರೆ ಸುಲಭದ ಒಂದು ಪರೀಕ್ಷೆ ಇದೆ. ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡಬೇಡಿ. ಸ್ಕ್ಯಾನರ್‌ನಲ್ಲಿ ಒತ್ತಡದ ವ್ಯತ್ಯಾಸ ಸೊನ್ನೆ ಇರಬೇಕು. ಗಾಳಿಯೇ ಹರಿಯದಿದ್ದಾಗ ಒತ್ತಡ ಎಲ್ಲಿಂದ ಬರುತ್ತದೆ? ಸೊನ್ನೆ ಇಲ್ಲದಿದ್ದರೆ ಸೆನ್ಸರ್ ಅಥವಾ ಅದರ ವೈರ್ ಕೆಟ್ಟಿದೆ, ಡಿಪಿಎಫ್ ಪಾಪದ್ದು. ಸೆನ್ಸರ್‌ಗೆ ಬರುವ ಎರಡು ಸಣ್ಣ ಪೈಪುಗಳನ್ನೂ ನೋಡಿ. ಬಿಸಿಗೆ ಬಿರುಕು ಬಿಟ್ಟಿರಬಹುದು, ಒಳಗೆ ಮಸಿ ಕಟ್ಟಿರಬಹುದು, ಯಾರೋ ಬಿಚ್ಚಿದವರು ತಿರುವುಮುರುವಾಗಿ ಹಾಕಿರಬಹುದು. ಉಷ್ಣಾಂಶದ ಸೆನ್ಸರ್‌ಗಳಿಗೂ ಇಂಥದ್ದೇ ಪರೀಕ್ಷೆ ಇದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಗ್ಗೆ ಕೀ ಆನ್ ಮಾಡಿದರೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸಬೇಕು. ಒಂದು ಮಾತ್ರ ಬೇರೆ ಹಾಡು ಹಾಡಿದರೆ ಅದೇ ಕಳ್ಳ.

ರೀಜೆನ್ ಮುಗಿದ ಸ್ವಲ್ಪ ದಿನಕ್ಕೇ ಒತ್ತಡ ಮತ್ತೆ ಏರುತ್ತಿದೆ, ಇಂಜಿನ್ ಕಡೆ ಎಲ್ಲ ಸರಿಯಿದೆ ಎಂದಾದರೆ ಬೂದಿ ತುಂಬಿದೆ ಎಂದು ತಿಳಿಯಿರಿ. ಎಷ್ಟು ರೀಜೆನ್ ಮಾಡಿದರೂ ಅದು ಹೋಗುವುದಿಲ್ಲ. ಬಿಚ್ಚಿ, ಯಂತ್ರದಲ್ಲಿ ಗಾಳಿ ಹಾಯಿಸಿ, ಓವನ್‌ನಲ್ಲಿ ಕಾಯಿಸಿ ಸ್ವಚ್ಛ ಮಾಡುವವರ ಹತ್ತಿರ ಕೊಡಿ. ಕೊಡುವಾಗ ಒಂದು ಸಲ, ವಾಪಸ್ ತರುವಾಗ ಒಂದು ಸಲ ತೂಕ ಹಾಕಿಸಿ ಬರೆಸಿಕೊಳ್ಳಿ. ತೂಕ ಇಳಿಯದಿದ್ದರೆ ಬಿಲ್ ಮಾತ್ರ ಸ್ವಚ್ಛವಾಗಿದೆ. ಆ್ಯಸಿಡ್, ಕಾಸ್ಟಿಕ್ ಹಾಕಿ ತೊಳೆಯುವವರಿಂದ ದೂರ ಇರಿ, ಒಳಗಿನ ಲೇಪ ಹೋಗುತ್ತದೆ. ಸ್ವಚ್ಛವಾದ ಮೇಲೆ ಸ್ಕ್ಯಾನರ್‌ನಲ್ಲಿ ಬೂದಿ ಲೆಕ್ಕ ರೀಸೆಟ್ ಮಾಡಿಸಿ. ಸ್ವಚ್ಛ ಮಾಡದೆ ರೀಸೆಟ್ ಮಾತ್ರ ಮಾಡಿಸಿದರೆ ಗಾಡಿ ತಪ್ಪು ಲೆಕ್ಕ ಹಾಕಿ, ಮುಂದಿನ ರೀಜೆನ್‌ನಲ್ಲಿ ಡಿಪಿಎಫ್ ಒಳಗೇ ಕರಗಿಹೋಗಬಹುದು.

ನಾಕ್ಸ್ ಸೆನ್ಸರ್ ಬದಲಿಸುವ ಮುಂಚೆ

ಜಾಸ್ತಿ ದುಡ್ಡು ಪೋಲಾಗುವುದು ಇಲ್ಲಿ. ಈ ಸೆನ್ಸರ್ ಅಮೋನಿಯಾವನ್ನೂ ನಾಕ್ಸ್ ಎಂದೇ ಓದುತ್ತದೆ. ಯೂರಿಯಾ ನಾಜಲ್ ಸೋರಿ ಜಾಸ್ತಿ ಸುರಿಯುತ್ತಿದ್ದರೂ ಹಿಂದಿನ ಸೆನ್ಸರ್ ನಾಕ್ಸ್ ಹೆಚ್ಚಾಗಿದೆ ಎನ್ನುತ್ತದೆ. ಕಂಪ್ಯೂಟರ್ ಅದನ್ನು ನಂಬಿ ಇನ್ನಷ್ಟು ಯೂರಿಯಾ ಸುರಿಯಬಹುದು. ಸೈಲೆನ್ಸರ್ ಬಾಯಲ್ಲಿ ಮೂಗು ಉರಿಯುವಂಥ ಅಮೋನಿಯಾ ಘಾಟು ಇದ್ದರೆ ಈ ಅನುಮಾನ ಬರಬೇಕು.

ಸೆನ್ಸರ್ ಸರಿಯಿದೆಯಾ ಎಂದು ನೋಡಲು ಘಾಟಿ ಇಳಿಜಾರು ಒಳ್ಳೆಯ ಜಾಗ. ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ, ಗೇರಿನಲ್ಲೇ ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಇಂಜಿನ್ನಿಗೆ ಡೀಸೆಲ್ ಹೋಗುವುದಿಲ್ಲ. ಸೈಲೆನ್ಸರ್‌ನಲ್ಲಿ ಹರಿಯುವುದು ಬರೀ ಗಾಳಿ. ಆಗ ಎರಡೂ ಸೆನ್ಸರ್ ಸೊನ್ನೆ ಹತ್ತಿರ ಬರಬೇಕು. ಆಮೇಲೆ ಸಮತಟ್ಟಿನಲ್ಲಿ ಲೋಡ್ ಎಳೆಯುವಾಗ ಮುಂದಿನದು ನೂರಾರು ಪಿಪಿಎಂ ತೋರಿಸಿ, ಹಿಂದಿನದು ಅದರ ಸಣ್ಣ ಪಾಲು ತೋರಿಸಿದರೆ ಎಲ್ಲ ಸರಿ. ಸ್ಕ್ಯಾನರ್ ನೋಡುವವರು ಪಕ್ಕದ ಸೀಟಿನಲ್ಲಿರಲಿ, ಡ್ರೈವರ್ ಕಣ್ಣು ರಸ್ತೆ ಮೇಲಿರಲಿ.

ಸೆನ್ಸರ್ ಕೆಟ್ಟಿದ್ದೇ ನಿಜವಾದರೆ ಪಾರ್ಟ್ ನಂಬರ್ ಸರಿಯಾಗಿ ಹೊಂದುವ ಒಳ್ಳೆ ಮಾಲನ್ನೇ ಹಾಕಿ. ವೈರ್ ಜೊತೆ ಬರುವ ಚಿಕ್ಕ ಪೆಟ್ಟಿಗೆಯನ್ನು ಬಿಸಿ ಸೈಲೆನ್ಸರ್‌ಗೆ ತಾಗಿಸಿ ಕಟ್ಟಬೇಡಿ, ಅದರ ಬ್ರಾಕೆಟ್‌ಗೇ ಹಾಕಿ.

ಬೈಪಾಸ್ ಬಾಕ್ಸ್

ಯೂರಿಯಾನೇ ಬೇಡ, ಲೈಟೇ ಬರಲ್ಲ, ಒಂದು ಬಾಕ್ಸ್ ಹಾಕಿಕೊಡ್ತೀನಿ ಎನ್ನುವವರು ಸಿಗುತ್ತಾರೆ. ಕಾನೂನು ಮೊದಲು ಹೇಳಿಬಿಡುತ್ತೇನೆ. ಕಂಪನಿ ಕೊಟ್ಟಂತೆ ಇರಬೇಕಾದ ಗಾಡಿಯನ್ನು ಅನುಮತಿ ಇಲ್ಲದೆ ಮಾರ್ಪಡಿಸಿದರೆ ಮೋಟಾರು ವಾಹನ ಕಾಯ್ದೆಯ 182ಎ ಸೆಕ್ಷನ್ ಪ್ರಕಾರ ಓನರ್‌ಗೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಮಾಲಿನ್ಯ ಮಿತಿ ಮೀರಿದರೆ 190(2)ರ ಪ್ರಕಾರ ದಂಡ 10,000 ರೂಪಾಯಿವರೆಗೆ ಹೋಗಬಹುದು. ಕಾನೂನು ಬಿಟ್ಟು ಬರೀ ದುಡ್ಡಿನ ಲೆಕ್ಕ ನೋಡಿದರೂ ಇದು ನಷ್ಟವೇ. ಯೂರಿಯಾ ನಿಂತ ಮೇಲೆ ಪಂಪು, ಪೈಪು ಒಳಗೇ ಗಟ್ಟಿಯಾಗುತ್ತವೆ. ಮುಂದೆ ಸರಿಮಾಡಿಸಬೇಕೆಂದರೆ ಇಡೀ ಸೆಟ್ ಹೊಸದೇ ಬೇಕು. ಆ ಹೊಗೆಯನ್ನು ದಿನವಿಡೀ ಕುಡಿಯುವವರಲ್ಲಿ ನಿಮ್ಮ ಡ್ರೈವರ್, ಕ್ಲೀನರ್ ಮೊದಲಿಗರು.

ಎಮಿಷನ್ ಟೆಸ್ಟ್ ಪಾಸಾಗಿದೆಯಲ್ಲ ಎಂದು ಸಮಾಧಾನ ಪಡುವಂತೆಯೂ ಇಲ್ಲ. ಡೀಸೆಲ್ ಗಾಡಿಗೆ ಅಲ್ಲಿ ನೋಡುವುದು ಹೊಗೆ ಎಷ್ಟು ಕಪ್ಪು ಎಂಬುದನ್ನು ಮಾತ್ರ. ನಾಕ್ಸ್ ಕಣ್ಣಿಗೂ ಕಾಣುವುದಿಲ್ಲ, ಆ ಯಂತ್ರಕ್ಕೂ ಕಾಣುವುದಿಲ್ಲ.

ರಿಪೇರಿ ಆಯಿತೆಂದು ಯಾವಾಗ ನಂಬಬೇಕು

ಗ್ಯಾರೇಜ್ ಸುತ್ತ ಖಾಲಿ ಗಾಡಿ ಓಡಿಸಿ ಲೈಟ್ ಬರಲಿಲ್ಲ ಎಂದರೆ ಏನೂ ಸಾಬೀತಾಗುವುದಿಲ್ಲ. ಹೊಗೆ ಸುಮಾರು 200 ಡಿಗ್ರಿ ಮುಟ್ಟುವವರೆಗೆ ಯೂರಿಯಾ ಚಿಮ್ಮುವುದೇ ಇಲ್ಲ. ಲೋಡ್ ಹಾಕಿ ನೆಲಮಂಗಲದಿಂದ ತುಮಕೂರು ದಾಟುವಷ್ಟು ದೂರ ಒಂದೇ ಸಮನೆ ಓಡಿಸಿ, ಆಮೇಲೆ ಮತ್ತೆ ಸ್ಕ್ಯಾನರ್ ಹಾಕಿಸಿ. ಪೆಂಡಿಂಗ್ ಕೋಡ್ (ಇನ್ನೂ ಲೈಟ್ ಹತ್ತಿಸದ ಎರರ್) ಇದೆಯಾ ಎಂದೂ ನೋಡಿಸಿ. ಒಂದು ಸಲಕ್ಕೆ ಒಂದೇ ಪಾರ್ಟ್ ಬದಲಿಸಿ. ಮೂರು ಒಟ್ಟಿಗೆ ಬದಲಿಸಿದರೆ ಯಾವುದು ತಪ್ಪಿತಸ್ಥ ಎಂದು ಕೊನೆಗೂ ಗೊತ್ತಾಗುವುದಿಲ್ಲ. ತೆಗೆದ ಹಳೆ ಪಾರ್ಟನ್ನು ಕೇಳಿ ಪಡೆಯಿರಿ.

ಸೆಕೆಂಡ್ ಹ್ಯಾಂಡ್ ಬಿಎಸ್6 ಗಾಡಿ ಕೊಳ್ಳುವವರು ಇಷ್ಟಾದರೂ ನೋಡಿ. ಡಿಪಿಎಫ್ ಹೊರಮೈ ಮೇಲೆ ಕಂಪನಿಯದ್ದಲ್ಲದ ವೆಲ್ಡಿಂಗ್ ಗೆರೆ ಇದೆಯಾ, ಯೂರಿಯಾ ಪಂಪಿನ ಕಪ್ಲರ್‌ಗೆ ಬೇರೆ ಯಾವುದಾದರೂ ಬಾಕ್ಸ್ ಸೇರಿಸಿದ್ದಾರಾ, ಟ್ಯಾಂಕಿನಲ್ಲಿ ಯೂರಿಯಾ ನಿಜಕ್ಕೂ ಖರ್ಚಾಗುತ್ತಿದೆಯಾ. ಕೊನೆಗೆ ಗಾಡಿ ತಣ್ಣಗಿರುವಾಗ ಸೈಲೆನ್ಸರ್ ಬಾಯೊಳಗೆ ಬಿಳಿ ಬಟ್ಟೆ ಹಾಕಿ ಒರೆಸಿ. ಡಿಪಿಎಫ್ ಸರಿಯಾಗಿದ್ದರೆ ಬಟ್ಟೆಗೆ ಮಸಿ ಹತ್ತುವುದಿಲ್ಲ. ಕಪ್ಪಗೆ ಬಂದರೆ ಡಿಪಿಎಫ್ ಒಡೆದಿದೆ ಅಥವಾ ಒಳಗಿನದ್ದನ್ನು ಕಿತ್ತುಹಾಕಿದ್ದಾರೆ. ಹೊಸ ಡಿಪಿಎಫ್ ಬೆಲೆ ಕೇಳಿಕೊಂಡು, ಅಷ್ಟನ್ನು ಕಳೆದು ರೇಟ್ ಮಾತಾಡಿ.